ನನ್ನ ಕೂದಲಿನ ಮೇಲೆ ಅತ್ತೆಯ ಹರಕೆ

ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ಹಾಗೆನ್ನುವವರ ತಲೆಯಲ್ಲಿ ಸಾಮಾನ್ಯವಾಗಿ ಕೂದಲಿರುತ್ತದೆ.

ಡಿಗ್ರಿಯ ಕೊನೆಯ ವರ್ಷದಲ್ಲಿ ನನ್ನ ಕೂದಲು ಉದುರತೊಡಗಿತು. ಮೊದಲು ಕಿವಿಯ ಹಿಂದೆ ರೂಪಾಯಿಯಗಲದ ಬೋಳು. ಬೇಸಿಗೆ ಮುಗಿಯುವಷ್ಟರಲ್ಲಿ ಹುಬ್ಬೂ ಇಲ್ಲ, ರೆಪ್ಪೆಯೂ ಇಲ್ಲ. ಗಾವಡಗೆರೆಯ ನಮ್ಮ ಮನೆಗೆ ಬಂದವರೆಲ್ಲ "ಉಳ ತಿಂದದೆ" ಎಂದು ತೀರ್ಪು ಕೊಟ್ಟು, ಬೆಳ್ಳುಳ್ಳಿ ತಿಕ್ಕಿಸಿ, ನೆತ್ತಿ ಸುಡಿಸಿ ಹೋದರು. ಹುಳ ತೋರಿಸಿ ಎಂದರೆ ಒಬ್ಬರೂ ತೋರಿಸಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಅದೊಂದೇ: ಹೇಳಿದವರೇ ಸಾಬೀತು ಮಾಡಬೇಕು.

ಪಿರಿಯಾಪಟ್ಟಣದ ಅತ್ತೆ, ಅಂದರೆ ಅಪ್ಪನ ಅಕ್ಕ, ತನ್ನ ಮಗಳ ಅರಿಶಿನಶಾಸ್ತ್ರದ ದಿನ ನನ್ನ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡಳು.

"ಬೋಳ್ತಲೆ ಮುಂದೆ ನಿಂತ್ರೆ ಮದ್ಲಿಂಗಿತ್ತಿಗೆ ಒಳ್ಳೇದಾಗಲ್ಲ. ನೀ ಒಳೀಕೋಗಿ ಬ್ಯಾಳೆ ಆರ್ಸವ್ವ."

ಚಪ್ಪರದಡಿಯ ಹೆಂಗಸರು ನಕ್ಕರು. ನಾನು ಒಳಗೆ ಹೋಗಿ ಬೇಳೆ ಆರಿಸಿದೆ. ಸಿಕ್ಕ ಒಂದೊಂದು ಕಲ್ಲನ್ನೂ ಮನಸ್ಸಿನಲ್ಲೇ ಅವಳಿಗೆಂದು ಎತ್ತಿಟ್ಟೆ.

ಆಮೇಲೆ ಅಪ್ಪ ನನ್ನನ್ನು ಮೈಸೂರಿನ ಚರ್ಮವೈದ್ಯೆಯ ಬಳಿಗೆ ಕರೆದೊಯ್ದರು. ದೇಹದ ಕಾವಲು ಪಡೆಯೇ ಕೂದಲಿನ ಬೇರನ್ನು ಶತ್ರುವೆಂದುಕೊಂಡು ಹೊಡೆಯುತ್ತಿದೆ, ಹೊಡೆಯುವ ಆಜ್ಞೆ ಜೀವಕೋಶದೊಳಗೆ ಜ್ಯಾಕ್ ಎಂಬ ಕಿಣ್ವಗಳ ಮೂಲಕ ಸಾಗುತ್ತದೆ, ಈ ಮಾತ್ರೆ ಆ ದಾರಿಗೆ ಅಡ್ಡ ನಿಲ್ಲುತ್ತದೆ ಎಂದು ಆಕೆ ವಿವರಿಸಿದರು. ಗ್ಯಾರಂಟಿ ಮಾತ್ರ ಕೊಡಲಿಲ್ಲ. ಸೋಂಕು ತಗಲಬಹುದು, ಸರ್ಪಸುತ್ತು ಏಳಬಹುದು, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದೆಲ್ಲ ಎಚ್ಚರಿಸಿ, ಕ್ಷಯದ ಪರೀಕ್ಷೆ ಮಾಡಿಸಿಯೇ ಮಾತ್ರೆ ಬರೆದರು. ನಿಲ್ಲಿಸಿದರೆ ಮತ್ತೆ ಉದುರಬಹುದು ಎಂದೂ ಹೇಳಿದರು. ತಮ್ಮ ವಿರುದ್ಧದ ವಾದವನ್ನು ತಾವೇ ಮುಂದಿಡುವವರನ್ನು ನಾನು ನಂಬುತ್ತೇನೆ.

ಮೊದಲು ಬಂದದ್ದು ಮುಸುಕಿನ ಜೋಳದ ನಾರಿನ ಬಣ್ಣದ ನವಿರು. ಆಮೇಲೆ ಕಪ್ಪು. ಮರುವರ್ಷದ ಅವರೆಕಾಯಿ ಕಾಲಕ್ಕೆ ನನಗೊಂದು ಮೋಟುಜಡೆಯಿತ್ತು.

ಆಗ ಅತ್ತೆ ಬಂದಳು. ಜಗುಲಿಯಲ್ಲಿ ಅಜ್ಜಿ ಅವರೆ ಸುಲಿಯುತ್ತಿದ್ದಳು. ಅತ್ತೆ ನನ್ನ ಜಡೆ ಹಿಡಿದು ತೂಗಿ ನೋಡಿದಳು.

"ನಾ ಅರಕೆ ಹೊತ್ತಿದ್ದೆ ಕಣವ್ವ, ಕೂದ್ಲು ಬಂದ್ರೆ ಮನೆದ್ಯಾವ್ರಿಗೆ ನಿನ್ ಪೂರ್ತಿ ಮುಡಿ ಕೊಡುಸ್ತೀನಿ ಅಂತ. ಬರೋ ಸೋಮವಾರಕ್ಕೆ ಎಲ್ಲಾ ಯೋಳಿವ್ನಿ."

"ಇದು ಮಾತ್ರೆಯಿಂದ ಬಂದದ್ದು ಅತ್ತೆ."

"ಅಂಗಾದ್ರೆ ಮಾತ್ರೆ ನಿಲ್ಸು. ಉದುರ್ನಿಲ್ವಾ, ದ್ಯಾವ್ರು. ಉದುರ್ತಾ, ನಿನ್ ಡಾಕ್ಟ್ರು. ಸಾಬೀತ್ ಮಾಡಿ ಸಾಬೀತ್ ಮಾಡಿ ಅಂತಿದ್ಯಲ್ಲಾ?"

ಪೆಟ್ಟು ಸರಿಯಾಗಿಯೇ ಬಿದ್ದಿತ್ತು.

"ಪರೀಕ್ಷೆ ನಿನ್ನದು, ತಲೆ ಮಾತ್ರ ನನ್ನದಾ? ದೇವರನ್ನ ನಂಬಿ ನಿನ್ನ ಬಿಪಿ ಮಾತ್ರೆ ನಿಲ್ಸು, ನೋಡೋಣ."

"ಬುಡ್ತು ಅನ್ನು!"

ನಾನು ಅಜ್ಜಿಯ ಕಡೆ ತಿರುಗಿದೆ. "ಅಜ್ಜಿ, ಪಕ್ಕದ ಮನೆ ಕುರಿ ಕೊಡ್ತೀನಿ ಅಂತ ನಾನು ಹರಕೆ ಹೊತ್ತರೆ ನಡೀತದಾ? ಹೊತ್ತವರೇ ತಾನೇ ತೀರಿಸಬೇಕು?"

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕು ಅತ್ತೆಯತ್ತ ತಿರುಗಿದಳು. "ನ್ಯಾಯವಾಗೇ ಅದೆ ಕಣೇ. ಕೂಸ್ನ ಕೇಳಿ ಹೊತ್ಕಂಡಿದ್ದಾ? ನಿನ್ ಮುಡಿ ಕೊಡೋಗು."

ಅತ್ತೆಯ ಕೈ ತಾನಾಗಿ ತನ್ನ ಜಡೆಗೆ ಹೋಯಿತು. ಸೊಂಟ ಮುಟ್ಟುವ ಜಡೆ, ಮೇಲೆ ಕಾಕಡ ಹೂವು. "ನಾ ಬೇಕಾರೆ ಊಮುಡಿ ಕೊಡ್ತೀನಿ ಬುಡು," ಎಂದಳು. ಹೂಮುಡಿಯೆಂದರೆ ಮೂರು ಕಡೆ ಕತ್ತರಿ ಆಡಿಸಿ ಮುಗಿಸುವುದು.

"ನನ್ನದಾದರೆ ಪೂರ್ತಿ, ನಿನ್ನದಾದರೆ ಮೂರೆಳೆಯಾ? ನೀನು ಮಾತು ಕೊಟ್ಟದ್ದು ಪೂರ್ತಿಗೆ."

ಹರಕೆ ತಪ್ಪಿದವರ ಮನೆ ಏನಾಗುತ್ತದೆಂದು ಊರೂರನ್ನೇ ಹೆದರಿಸಿಕೊಂಡು ಬಂದವಳು ಅವಳೇ; ಇನ್ನು ಹಿಂದೆ ಸರಿಯುವಂತಿರಲಿಲ್ಲ. ಹುಣಸೂರಿಂದ ಕೆ.ಆರ್. ನಗರದವರೆಗಿನ ನೆಂಟರಿಗೆಲ್ಲ ಅಂದೇ ಸಂಜೆ ಫೋನು ಮಾಡಿ, ಸೋಮವಾರ ಅತ್ತೆ ಮುಡಿ ಕೊಡುತ್ತಾಳೆ, ತಪ್ಪದೆ ಬನ್ನಿ ಎಂದು ಕರೆದೆ. ಅಷ್ಟು ಸವಿಯಾಗಿ ನಾನು ಯಾರನ್ನೂ ಯಾವುದಕ್ಕೂ ಕರೆದಿರಲಿಲ್ಲ.

ಸೋಮವಾರ ಹೊಳೆದಂಡೆಯ ಗುಡಿಯೆದುರು ಅತ್ತೆ ಕೂತಳು. ಕತ್ತಿ ಆಡಿತು. ಆ ಉದ್ದನೆಯ ಕೂದಲು ಒದ್ದೆ ಕಲ್ಲಿನ ಮೇಲೆ ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡಿದೆ. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದೆ. ಯಾರೂ ನಗಲಿಲ್ಲ. ಚಪ್ಪರದಡಿ ಅಂದು ನಕ್ಕಿದ್ದವರೇ ಸಾಲಾಗಿ ಬಂದು ಅವಳ ಕಾಲು ಮುಟ್ಟಿದರು.

"ತಮ್ಮನ ಮಗಳ ಕೂದ್ಲಿಗೋಸ್ಕರ ತನ್ ಮುಡೀನೇ ಕೊಟ್ಳಲ್ಲಾ ತಾಯಿ!"

ಅತ್ತೆ ಬೋಳುನೆತ್ತಿಗೆ ಗಂಧ ಬಳಿಸಿಕೊಂಡು ನನ್ನ ಪಕ್ಕಕ್ಕೆ ಬಂದಳು. "ತಣ್ಣಗದೆ ಕಣವ್ವ," ಎಂದಳು ಮೆಲ್ಲಗೆ. "ಈಗ ಯೋಳು, ನಿನ್ ತಲೇಲಿರೋದು ಯಾರ್ ಕೊಟ್ಟ ಕೂದ್ಲು?"

ಅಷ್ಟು ಜನರ ನಡುವೆ ನನ್ನ ವಾದಕ್ಕೆ ಕಿವಿ ಕೊಡುವವರಿರಲಿಲ್ಲ. ಅದಕ್ಕೇ ಉತ್ತರವನ್ನು ಇಲ್ಲಿ ಬರೆದಿದ್ದೇನೆ: ಮಾತ್ರೆ ಕೊಟ್ಟದ್ದು. ಅತ್ತೆಗೆ ಓದಲು ಚೆನ್ನಾಗಿ ಬರುತ್ತದೆ.