ಅಪ್ಪನ ಎಡಗೈ ಮನೆಗೆ ಬಂದದ್ದು

ಆಗೆಲ್ಲ ಬೆಳಗಿನ ಹೊತ್ತು ನಮ್ಮ ಕನ್ನೊಳ್ಳಿಯ ಗಂಡಸರ ಮೈ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಆ ಮಣ್ಣಿಗೆ ಎಣ್ಣೆ, ಅರಿಷಿಣ, ಮಜ್ಜಿಗೆ, ಇಂಡಿ ಸಂತೆಯಿಂದ ತಂದ ಲಿಂಬೆಹಣ್ಣಿನ ರಸ ಹಾಕಿ ಹದ ಮಾಡುತ್ತಿದ್ದರು. ಹುಡುಗಿಯರಾದ ನಮಗೆ ಒಳಗೆ ಹೋಗುವಂತಿರಲಿಲ್ಲ. ಹೊರಗೆ ಕುಂಟಾಟ ಆಡುತ್ತ ಆ ವಾಸನೆಯನ್ನಷ್ಟೇ ಕುಡಿಯುತ್ತಿದ್ದೆವು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅಪ್ಪ ಜೋಳದ ಕಣಿಕೆಯ ಬಣವೆ ಒಟ್ಟುವಾಗ ಮೇಲಿಂದ ಜಾರಿ ಬಿದ್ದ. ತಲೆ ಬಂಡಿಯ ಗಾಲಿಗೆ ಬಡಿಯಿತು. ಸಿಂದಗಿಯ ಡಾಕ್ಟರರು ಜೀವ ಉಳಿಸಿಕೊಟ್ಟರು. ಮೆದುಳಿಗೆ ಪೆಟ್ಟಾಗಿದೆ, ಎಡಭಾಗ ಎಷ್ಟು ತಿರುಗಿ ಬರುತ್ತದೋ ಹೇಳಲಾರೆ ಎಂದರು. ಕಾಲೆಳೆದು ನಡೆಯುವಷ್ಟೇನೋ ಆಯಿತು. ಆದರೆ ತನಗೊಂದು ಎಡಗೈ ಇದೆ ಎಂಬುದೇ ಅಪ್ಪನಿಗೆ ಮರೆತುಹೋಗಿತ್ತು. ಎಡಗಡೆ ಇದ್ದದ್ದು ಗಮನಕ್ಕೇ ಬರುತ್ತಿರಲಿಲ್ಲ. ಗಂಗಾಳದ ಬಲಗಡೆಯ ರೊಟ್ಟಿ ತಿಂದು, ಎಡಗಡೆಯ ಪುಂಡಿಪಲ್ಯೆ ಹಾಗೇ ಬಿಟ್ಟು, "ಪಲ್ಯಾ ಹಾಕೇ ಇಲ್ಲಲ್ಲ?" ಎನ್ನುತ್ತಿದ್ದ. ಹಿಂಗಾರಿ ಬಿತ್ತುವಾಗ ಕೂರಿಗೆ ಹಿಡಿಯಲು ಎರಡೂ ಕೈ ಬೇಕು. ಅವ್ವ ಹೊಲವನ್ನು ಪಾಲಿಗೆ ಕೊಡುವ ಮಾತು ತೆಗೆದ ದಿನ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಆಗ ಬಂದವರು ತಾಲೀಮಿನಲ್ಲಿ ಕಲಿಸುವ ವಸ್ತಾದ ಇಮಾಮ್‌ಸಾಬ ಕಾಕಾ, ಕುಸ್ತಿಯಲ್ಲಿ ಅಪ್ಪನ ಹಳೆಯ ಜೋಡಿ.

"ಏಳಲೇ ಈರಪ್ಪ! ನಿನ್ನ ಎಡಗೈ ಏನು ಮಾವನ ಮನಿಗೆ ಹೋಗೇತೇನು? ನಡಿ, ಕರ್ಕೊಂಡ ಬರೂಣು."

"ಇವರಿಗೆ ಮತ್ತ ಕುಸ್ತಿ ಹಿಡಸ್ತೀರೇನ್ರಿ?" ಅವ್ವ ಗಾಬರಿಯಾದಳು.

"ಕುಸ್ತಿ ಅಲ್ರಿ ವೈನಿ, ಬರೇ ಕೋಲ ತಿರುಗಿಸೂದು. ತಲಿಗೆ ಏನೂ ತಾಕಗೊಡಂಗಿಲ್ಲ."

ಮಜ್ಜಿಗೆ ಒಯ್ಯುವ ನೆವದಲ್ಲಿ ನಾನು ದಿನಾ ತಾಲೀಮಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕಾಕಾ ಅಪ್ಪನ ಎರಡೂ ಕೈಗೆ ಒಂದೇ ಕೋಲು ಹಿಡಿಸಿ, ತಮ್ಮ ಕೋಲನ್ನು ಅವನ ಎಡಗಡೆಗೇ ಬೀಸುತ್ತಿದ್ದರು, ನಿಧಾನವಾಗಿ, ಹೆಗಲಿಗಿಂತ ಕೆಳಗೆ. ಎಡಗೈ ಜಾರಿ ಬೀಳುತ್ತಿತ್ತು. ಕಾಕಾ ಅದನ್ನು ಎತ್ತಿ ಮತ್ತೆ ಕೋಲಿನ ಮೇಲೆ ಇಡುತ್ತಿದ್ದರು.

"ಇಲ್ಲೈತಿ ನೋಡೋ ನಿನ್ನ ಕೈ! ನಂದಲ್ಲ, ನಿಂದು!"

ಮಳೆಗಾಲ ಬರುವ ಹೊತ್ತಿಗೆ ಕೈ ಕೋಲನ್ನು ಬಿಗಿಯಾಗಿ ಹಿಡಿಯತೊಡಗಿತು. ಆದರೆ ಪೆಟ್ಟು ಬಂದಾಗ ತಡೆಯಲು ತಾನಾಗಿ ಮಾತ್ರ ಏಳಲೊಲ್ಲದು.

ಒಂದು ದಿನ ಕಾಕಾರ ಪೆಟ್ಟು ತುಸು ಜೋರಾಗಿಯೇ ಬಿತ್ತು. ಅಪ್ಪನ ತೋಳು ಬಾತದ್ದನ್ನು ಕಂಡ ಅವ್ವ ಮರುದಿನ ಸೆರಗು ಬಿಗಿದು, ಹೆಂಗಸರು ಕಾಲಿಡದ ತಾಲೀಮಿಗೇ ನುಗ್ಗಿದಳು. ಗೋಡೆಗೆ ಆನಿಸಿದ್ದ ಕೋಲು ಎತ್ತಿ ಕಾಕಾರತ್ತ ಬೀಸಿದಳು.

"ಸಾಯೂ ಮನಷ್ಯಾನ್ನ ಬದಕಿಸ್ಕೊಂಡ ಬಂದೀನಿ, ನೀವು ಬಡದು ಕೊಲ್ಲಾಕತ್ತೀರಿ!"

ಕೋಲು ಕಾಕಾರಿಗೆ ತಾಕಲಿಲ್ಲ. ಪಕ್ಕದಲ್ಲಿದ್ದ ಅಪ್ಪನ ಎಡಗೈ ನಡುವೆ ಬಂದು ಅದನ್ನು ಹಿಡಿದುಬಿಟ್ಟಿತ್ತು. ಅಪ್ಪ ಅದನ್ನು ಯಾರದೋ ಕೈ ಎಂಬಂತೆ ನೋಡುತ್ತ ನಿಂತ.

ಕಾಕಾ ಮಣ್ಣಿನಲ್ಲಿ ಕೂತು ನಗತೊಡಗಿದರು. "ವೈನಿ, ನಾಳಿಂದ ನೀವ ಬರ್ರಿ. ನನ್ನ ಕೈಲೆ ಆಗದ್ದು ನಿಮ್ಮ ಒಂದ ಏಟಿಗೆ ಆತು!"

ಅವ್ವ ಕೋಲು ಬಿಡಲಿಲ್ಲ. ಅಳುತ್ತಲೇ ಅತ್ತಿಂದ ಎಳೆಯತೊಡಗಿದಳು. "ಬಿಡಬ್ಯಾಡ್ರಿ, ಜಗ್ರಿ... ಇನ್ನಷ್ಟು ಜಗ್ರಿ!"

ಆ ಹಿಂಗಾರಿಗೆ ಅಪ್ಪನೇ ಕೂರಿಗೆ ಹಿಡಿದ. ಸಾಲುಗಳು ಎಡಕ್ಕೆ ಸೊಟ್ಟಗಾದವು, ಜೋಳ ಮಾತ್ರ ನೆಟ್ಟಗೇ ಬೆಳೆಯಿತು.

ಈಗ ತಾಲೀಮಿನ ಮನೆಯಲ್ಲಿ ಗೊಬ್ಬರದ ಚೀಲ ಒಟ್ಟಿದ್ದಾರೆ. ಯಾರಾದರೂ ಬಿದ್ದರೆ ಆಸ್ಪತ್ರೆಗೆ ಒಯ್ಯಲು ಗಾಡಿ ಬೇಗ ಬರುತ್ತದೆ, ಒಳ್ಳೆಯದೇ ಆಯಿತು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವನ ಬಾಗಿಲಿಗೆ ದಿನಾ ಬೆಳಿಗ್ಗೆ ಬಂದು, ಸಲುಗೆಯಿಂದ ಬೈದು, ಕೈ ಹಿಡಿದು ಹೊರಗೆ ಕರೆದೊಯ್ಯುವವರು ಊರಲ್ಲಿ ಯಾರಿದ್ದಾರೆಂದು ಹುಡುಕಬೇಕಾಗಿದೆ.