ಎರಡು ಲೋಟ ತೊಳೆದಿಟ್ಟ ಮುದುಕಿ

ಓರಿಯಾಕ್ ಎಂಬ ನಮ್ಮೂರಿನ ಶಾಲೆಯಲ್ಲಿ ನಾನು ಗಣಿತ ಹೇಳುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದವರು ಮಾತ್ಯುರಾಂ ಪೆರೋಲ್. ಹನ್ನೊಂದು ವರ್ಷಗಳಿಂದ ಅವರು ಸುಳ್ಳಿನ ಬಗ್ಗೆ ಗ್ರಂಥವೊಂದನ್ನು ಬರೆಯುತ್ತಿದ್ದರು. ಯಾವ ಸುಳ್ಳಿಗೂ ಕ್ಷಮೆಯಿಲ್ಲ ಎಂಬುದು ಅವರ ವಾದ. ಹೆಂಡತಿ ಸೊಲಾಂಜ್ ಮಾಡಿದ ಸೂಪಿಗೆ ಉಪ್ಪು ಜಾಸ್ತಿಯಾದರೆ ನೆಂಟರೆದುರೇ ಹೇಳಿಬಿಡುತ್ತಿದ್ದರು.

ಐದನೆಯ ಅಧ್ಯಾಯಕ್ಕೆ ಬಂದಾಗ ಬರವಣಿಗೆ ನಿಂತುಹೋಯಿತು. ಒಂದು ಉದಾಹರಣೆ ಬೇಕಿತ್ತು. ಅದಕ್ಕೆಂದು ಪುಟ್ಟ ಕಥೆ ಬರೆಯಲು ಕೂತರು. ಗುಡ್ಡದ ಮೇಲಿನ ಒಬ್ಬ ಮುದುಕಿ, ಹಡಗು ಹತ್ತಿ ಹೋದ ತಮ್ಮನ ಕಾಗದ ಬಂತೇ ಎಂದು ದಿನವೂ ಬಾಗಿಲು ತೆರೆದು ಅಂಚೆಯವನನ್ನು ಕೇಳುತ್ತಾಳೆ. ಅವನು ಸತ್ತ ಸುದ್ದಿ ಅಂಚೆಯವನಿಗೆ ಗೊತ್ತು. ಆದರೂ ‘ನಾಳೆ ಬರಬಹುದು’ ಎನ್ನುತ್ತಾನೆ. ಕೊನೆಗೆ ಅವನ ಬಾಯಲ್ಲಿ ನಿಜ ಹೇಳಿಸಬೇಕೆಂದು ಪೆರೋಲ್ ಅಂದುಕೊಂಡಿದ್ದರು. ಅರ್ಧ ಪುಟದ ಕಥೆ ಮೂವತ್ತು ಪುಟವಾಯಿತು, ಆ ಒಂದು ವಾಕ್ಯ ಮಾತ್ರ ಬರಲಿಲ್ಲ.

ಒಂದು ಭಾನುವಾರ ಕಾಫಿ ಅಂಗಡಿಯಲ್ಲಿ ಅದನ್ನು ನನಗೂ ನಮ್ಮೂರ ಅಂಚೆಯವನಾದ ಫಿರ್ಮಾಂಗೂ ಓದಿ ಹೇಳಿದರು. ಫಿರ್ಮಾಂ ಮೀಸೆ ಒರೆಸಿಕೊಂಡ.

“ಆ ಅಜ್ಜಿಗೆ ಎಲ್ಲಾ ಗೊತ್ತು ಬಿಡಿ, ಮೇಷ್ಟ್ರೇ.”

“ನಾನೆಲ್ಲೂ ಹಾಗೆ ಬರೆದಿಲ್ವಲ್ಲ.”

“ಬರ್ದಿದೀರಿ. ಅಂಚೆಯವನು ಬರೋ ಮೊದ್ಲೇ ದಿನಾ ಎರಡು ಲೋಟ ತೊಳ್ದಿಡ್ತಾಳೆ. ಕಾಗದ ಬಂದು ವೈನ್ ಕುಡಿಯುತ್ತಾ? ಅವಳಿಗೆ ಬೇಕಾಗಿರೋದು ಒಂದು ಗಳಿಗೆ ಕೂತು ಹೋಗೋ ಮನುಷ್ಯ.”

ಪೆರೋಲ್ ಹಾಳೆ ತಿರುವಿ ನೋಡಿದರು. ಮೂರನೆಯ ಪುಟದಲ್ಲಿ ಎರಡು ಲೋಟ, ಹನ್ನೆರಡರಲ್ಲಿ ಎರಡು, ಇಪ್ಪತ್ತರಲ್ಲೂ ಎರಡು. ಅವರ ಕೈ ಬರೆದಿತ್ತು, ಅವರಿಗೇ ತಿಳಿದಿರಲಿಲ್ಲ. ಇಬ್ಬರಿಗೂ ನಿಜ ಗೊತ್ತಿದ್ದರೆ ಅಲ್ಲಿ ಮೋಸ ಹೋದವರು ಯಾರು? ಹನ್ನೊಂದು ವರ್ಷ ನಾನು ಸುಳ್ಳು ಹೇಳುವವನನ್ನೇ ವಿಚಾರಿಸಿದೆ, ಕೇಳುವವಳ ಕಡೆ ತಿರುಗಿ ನೋಡಲೇ ಇಲ್ಲ ಎಂದು ದಾರಿಯುದ್ದಕ್ಕೂ ನನ್ನೆದುರು ಹೇಳಿಕೊಂಡರು. ಬೇಸರದಿಂದಲ್ಲ, ಕಳೆದುಹೋದದ್ದು ಸಿಕ್ಕಿದವರ ಹಾಗೆ.

ನಾಲ್ಕು ಅಧ್ಯಾಯಗಳನ್ನು ಬದಿಗಿಟ್ಟು, ಕಥೆಯಿಂದಲೇ ಶುರುಮಾಡಿ ಹೊಸದಾಗಿ ಬರೆದರು. ಪ್ಯಾರಿಸ್ಸಿನ ಪ್ರಕಾಶಕರೊಬ್ಬರು ಕಥೆ ತೆಗೆದರೆ ಅಚ್ಚುಹಾಕುವುದಾಗಿ ತಿಳಿಸಿದರು. ಕಥೆ ತೆಗೆದರೆ ವಿಚಾರ ನಿಲ್ಲುವುದಿಲ್ಲವೆಂದು ಇವರು ಉತ್ತರ ಬರೆದರು. ಕಡೆಗೆ ನಮ್ಮೂರಿನ ಮುದ್ರಣಾಲಯದಲ್ಲೇ ಇನ್ನೂರು ಪ್ರತಿಗಳಾದವು. ಸೊಲಾಂಜ್ ಅದನ್ನು ಒಂದೇ ಮಧ್ಯಾಹ್ನ ಓದಿ ಮುಗಿಸಿ, ಇಷ್ಟು ವರ್ಷದಲ್ಲಿ ನಿಮ್ಮ ಬರಹ ನನಗೆ ಅರ್ಥವಾದದ್ದು ಇದೇ ಮೊದಲು ಎಂದಳಂತೆ.

ಈಗ ಪೆರೋಲ್ ಎರಡನೆಯ ಪುಸ್ತಕ ಬರೆಯುತ್ತಿದ್ದಾರೆ, ಮಾತು ಕೊಡುವುದರ ಬಗ್ಗೆ. ಹೋದ ವಾರ ಮೊದಲ ಅಧ್ಯಾಯ ಕೇಳಿದ ಫಿರ್ಮಾಂ, ಇದರಲ್ಲಿ ಯಾರೂ ಬಾಗಿಲು ತೆರೆಯುವುದೇ ಇಲ್ಲ ಎಂದು ಗೊಣಗಿದ. ಪೆರೋಲ್ ಜೇಬಿನಿಂದ ಪೆನ್ಸಿಲ್ ತೆಗೆದು ಆ ಮಾತನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡರು.