ನಾಲ್ಕು ಡಿಸ್ಕು, ಮೂರು ವಿಭೂತಿ ಗೆರೆ

ಪತ್ರಿಕೆಯವನು ಪತ್ರಿಕೆಯನ್ನು ಎಷ್ಟು ನಂಬಬೇಕು? ಕಳೆದ ಸೋಮವಾರದವರೆಗೆ ನನಗೆ ಈ ಪ್ರಶ್ನೆ ಹುಟ್ಟಿರಲಿಲ್ಲ.

ಹಿಂದೂಪುರದ ನಮ್ಮ ಕಚೇರಿಯ ಹಳೆಯ ಸರ್ವರ್ ಏದುಸಿರು ಬಿಡುತ್ತಿತ್ತು. ಹೊಸ ಯಂತ್ರ ಬಂದಿಳಿದದ್ದು ಕಲ್ಯಾಣದುರ್ಗದ ಕಚೇರಿಗೆ. ಹಳೆಯದರ ನಾಲ್ಕು ಡಿಸ್ಕುಗಳನ್ನು ಬಿಚ್ಚಿ ಒಯ್ದು, ಹೊಸದರಲ್ಲಿ ಅದೇ ಕ್ರಮದಲ್ಲಿ ಕೂರಿಸಬೇಕು. ಆರು ವರ್ಷದ ಸುದ್ದಿ, ಫೋಟೊ, ಊರೂರಿನ ಮದುವೆ, ಸಾವು ಎಲ್ಲವೂ ಆ ನಾಲ್ಕರಲ್ಲಿ ಹಂಚಿಹೋಗಿದ್ದವು. (ಬ್ಯಾಕಪ್? ಸಿ.ಡಿ.ಗೆ ಹಾಕಿಕೊಂಡು ವರ್ಷವಾಗಿತ್ತು. ಬೈಯಿರಿ, ಕೇಳಿಸಿಕೊಳ್ಳುತ್ತೇನೆ.)

ಸರ್ವರ್‌ನಲ್ಲಿ ಸಾಲಾಗಿ ನಿಂತ ಡಿಸ್ಕುಗಳ ಮುಖದ ಮೇಲೆ ಅಡ್ಡಕ್ಕೆ ಮೂರು ವಿಭೂತಿ ಗೆರೆ, ನಡುವೆ ಕುಂಕುಮ. ಕಚೇರಿ ಗುಡಿಸುವ, ನಮ್ಮೆಲ್ಲರಿಗಿಂತ ಹಿರಿಯರಾದ ನರಸಮ್ಮ ಆಯುಧಪೂಜೆಯಲ್ಲಿ ನೀರಿನಲ್ಲಿ ಕಲಸಿ ಬಳಿದದ್ದು. ಒಣಗಿ ಗಟ್ಟಿಯಾಗಿತ್ತು.

“ಒರೆಸಿಬಿಡಮ್ಮ, ಹೊಸ ಮೆಷಿನ್‌ಗೆ ಹೋಗೋದು.”

“ಪೂಜೆ ಮಾಡಿದ್ ಬೊಟ್ಟು ಕಣಪ್ಪ, ನಾನ್ ಒರ್ಸಲ್ಲ. ನೀನೇ ಒರ್ಸ್ಕೊ. ಆಮ್ಯಾಕೆ ಏನಾರ ಆದ್ರೆ ನನ್ನ ಕೇಳ್ಬ್ಯಾಡ.”

ನಾನೂ ಒರೆಸಲಿಲ್ಲ. (ನಂಬದವನ ಧೈರ್ಯಕ್ಕೂ ಮಿತಿಯಿದೆ.) ಒಂದೊಂದನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಪೆನ್ನಿನಿಂದ ಒಂದು, ಎರಡು, ಮೂರು, ನಾಲ್ಕು ಎಂದು ಬರೆದೆ. ಬಸ್ಸಿನಲ್ಲಿ ಬ್ಯಾಗನ್ನು ತೊಡೆಯಿಂದ ಇಳಿಸಲೇ ಇಲ್ಲ.

ಕಲ್ಯಾಣದುರ್ಗ ತಲುಪಿದ ಖುಷಿಗೆ ನಾಲ್ಕನ್ನೂ ಬಿಚ್ಚಿ ಮೇಜಿನ ಮೇಲಿಟ್ಟೆ. ಕಾಗದಗಳನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದೆ.

“ಯಾವ್ದು ಫಸ್ಟು ಸಾರ್?” ಕಂಪ್ಯೂಟರ್ ಮೆಕ್ಯಾನಿಕ್ ಓಬುಳೇಶು ಕೇಳಿದರು.

ನಾನು ಬುಟ್ಟಿಯ ಕಡೆ ನೋಡಿದೆ.

“ನಂಬರು ಪೇಪರ್ ಮ್ಯಾಲೆ ಬರದ್ರಾ? ಏಮಿ ಸಾರ್ ಇದಿ!” ಅವರು ತಲೆಯ ಮೇಲೆ ಕೈಯಿಟ್ಟರು. “ಹಿಂದುಮುಂದಾಗಿ ಹಾಕಿ ಆನ್ ಮಾಡಿದ್ರೆ ಎಲ್ಲಾ ಕಲಸಿ ಹೋಗ್ಬುಡ್ತದೆ. ದೇವ್ರೇ ಗತಿ.”

ದೇವರ ಹೆಸರು ಬಂದದ್ದೇ ತಡ, ಇಬ್ಬರ ಕಣ್ಣೂ ವಿಭೂತಿಯ ಮೇಲೆ ಬಿತ್ತು.

ನರಸಮ್ಮ ಎಡದಿಂದ ಬಲಕ್ಕೆ, ನಾಲ್ಕರ ಮೇಲೂ ಸೇರಿಸಿ, ಒಂದೇ ಸಲಕ್ಕೆ ಮೂರು ಬೆರಳು ಎಳೆದಿದ್ದರು. ಗೆರೆ ಎಡದಲ್ಲಿ ದಪ್ಪ, ಬಲಕ್ಕೆ ಹೋದಂತೆ ತೆಳು, ತುಸು ಮೇಲಕ್ಕೆ ಓಟ. ಕುಂಕುಮ ಎರಡು ಡಿಸ್ಕುಗಳ ಮೇಲೆ ಅರ್ಧರ್ಧ. ಹಾಗೆ ಹೀಗೆ ಜೋಡಿಸಿದೆವು. ಗೆರೆ ಕೂಡಿತು. ಬೊಟ್ಟು ದುಂಡಗಾಯಿತು.

ಓಬುಳೇಶು ಅದೇ ಕ್ರಮದಲ್ಲಿ ಕೂರಿಸಿ, ಕಣ್ಣು ಮುಚ್ಚಿ ಸ್ವಿಚ್ ಒತ್ತಿದರು. ಐದು ನಿಮಿಷದ ನಂತರ ಪರದೆಯ ಮೇಲೆ ಆರು ವರ್ಷದ ಫೋಲ್ಡರುಗಳು ಒಂದರ ಕೆಳಗೊಂದು ಬಂದು ನಿಂತವು.

ಹಿಂದೂಪುರಕ್ಕೆ ಫೋನ್ ಮಾಡಿ ನರಸಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೈಯನ್ನೂ ಮುಗಿದೆ. (ಫೋನಿನಲ್ಲಿ ಕಾಣುವುದಿಲ್ಲ, ಗೊತ್ತು.)

“ಆಯ್ತು ಬುಡಪ್ಪ. ನಂಗಂತೂ ಒಂದು ಎರಡು ಬರ್ಯಾಕ್ ಬರಲ್ಲ, ನಿಂಗೇನಾಗಿತ್ತು?” ಎಂದು ನಕ್ಕರು. “ಅದಿರ್ಲಿ, ಅಲ್ಲಿ ಹೊಸದಕ್ಕೆ ಬೊಟ್ಟು ಯಾರಿಕ್ತಾರೆ?”

ಈ ಆಯುಧಪೂಜೆಗೆ ಕಲ್ಯಾಣದುರ್ಗಕ್ಕೆ ಅವರ ಬಸ್ ಟಿಕೆಟ್ ನನ್ನದು. ಇನ್ನು ಯಾವ ಮುಖ ಇಟ್ಟುಕೊಂಡು ‘ಒರೆಸು’ ಎನ್ನಲಿ?